ಚಪ್ಪಡಿ ಪಾದದ ದಪ್ಪಕ್ಷರ: ಬೀದಿಯ ಗೋಡೆಯಿಂದ ಆಟಗಾರರ ಬೆನ್ನಿಗೆ

ರೋಮನ್ ಲಿಪಿಯ ಅಕ್ಷರಗಳಲ್ಲಿ ಗೀಟು ಮುಗಿಯುವ ಕಡೆ ಅಡ್ಡಲಾಗಿ ಚಾಚಿಕೊಳ್ಳುವ ಚಿಕ್ಕ ತುದಿಗೆ ಸೆರಿಫ್ ಎಂದು ಹೆಸರು. ಇಂಗ್ಲಿಷಿನ ದೊಡ್ಡಕ್ಷರ ‘ಐ’ಯನ್ನು ಬರೆಯುವಾಗ ನೆಟ್ಟಗೀಟಿನ ತಲೆಗೊಂದು, ಬುಡಕ್ಕೊಂದು ಅಡ್ಡಗೆರೆ ಎಳೆಯುವ ರೂಢಿಯನ್ನು ನೆನೆದರೆ ಇದು ಯಾರಿಗೂ ಸ್ಪಷ್ಟವಾಗುತ್ತದೆ. ಕ್ರಿ.ಶ. 113ರಲ್ಲಿ ರೋಮ್ ನಗರದಲ್ಲಿ ನಿಂತ ಟ್ರಾಜನ್ ಸ್ತಂಭದ ಪೀಠಶಾಸನದಲ್ಲಿ ಈ ತುದಿಗಳು ತೆಳ್ಳಗೆ, ಚೂಪಾಗಿ, ಗೀಟಿನ ಮೈಯಿಂದಲೇ ಬಳುಕಿ ಹೊರಟಂತೆ ಕಾಣುತ್ತವೆ. ಯುರೋಪಿನ ಮುದ್ರಣಕಾರರು ಹದಿನೈದನೆಯ ಶತಮಾನದಿಂದ ಮುಂದಕ್ಕೆ ಪುಸ್ತಕಗಳಿಗಾಗಿ ಎರಕ ಹೊಯ್ದ ರೋಮನ್ ಅಚ್ಚುಮೊಳೆಗಳ ದೊಡ್ಡಕ್ಷರಗಳೂ ಬಹುಮಟ್ಟಿಗೆ ಇದೇ ಕುಲಕ್ಕೆ ಸೇರಿದವು. ಆದರೆ ಬೇಸ್‌ಬಾಲ್ ತಂಡಗಳ ಅಂಗಿ, ಅಮೆರಿಕದ ವಿಶ್ವವಿದ್ಯಾಲಯಗಳ ಸ್ವೆಟರು, ತಲೆಮಾರುಗಳಿಂದ ನಡೆದುಬಂದ ವ್ಯಾಪಾರ ಸಂಸ್ಥೆಗಳ ಫಲಕ ಇವುಗಳ ಮೇಲೆ ಇಂದು ಕಾಣುವ ದಪ್ಪಕ್ಷರದ ಪಾದ ಬೇರೆಯೇ ಬಗೆಯದು. ಅಲ್ಲಿ ಅಡ್ಡ ತುದಿಯು ನೆಟ್ಟಗೀಟಿನಷ್ಟೇ ದಪ್ಪವಾಗಿರುತ್ತದೆ, ಕೆಲವೊಮ್ಮೆ ಅದನ್ನೂ ಮೀರಿಸುತ್ತದೆ. ಕಂಬದ ಬುಡಕ್ಕೆ ಕೊಟ್ಟ ಕಲ್ಲಿನ ಚಪ್ಪಡಿಯಂತೆ ಅದು ಅಕ್ಷರವನ್ನು ಹೊತ್ತು ನಿಲ್ಲುವುದರಿಂದ ಈ ಬಗೆಗೆ ಸ್ಲ್ಯಾಬ್ ಸೆರಿಫ್, ಎಂದರೆ ಚಪ್ಪಡಿ ಪಾದದ ಅಕ್ಷರ, ಎಂಬ ಹೆಸರು ಬಂದಿದೆ. ಹಳೆಯದು, ನಂಬಲು ತಕ್ಕದ್ದು, ಗಟ್ಟಿಮುಟ್ಟಾದದ್ದು ಎಂಬ ಭಾವ ಹುಟ್ಟಿಸಬೇಕಾದಲ್ಲೆಲ್ಲ ವಿನ್ಯಾಸಕಾರರು ಇದನ್ನು ಆರಿಸುತ್ತಾರೆ. ಆ ಭಾವ ಸುಳ್ಳೆನ್ನಲು ಬರುವುದಿಲ್ಲ, ಆದರೂ ಅದು ಈ ಅಕ್ಷರದ ಹುಟ್ಟುಗುಣವೆಂದು ತಿಳಿದರೆ ತಪ್ಪಾಗುತ್ತದೆ. ಜಾಹೀರಾತಿನ ಗದ್ದಲದಲ್ಲಿ ಹುಟ್ಟಿ, ಮರದಲ್ಲೂ ಬಟ್ಟೆಯಲ್ಲೂ ದುಡಿದು, ನೂರೈವತ್ತು ವರ್ಷಗಳ ಬಳಕೆಯಿಂದ ಅದು ಈ ಘನತೆಯನ್ನು ಸಂಪಾದಿಸಿಕೊಂಡಿತು.

ಸೆರಿಫ್ ಎಂದೊಡನೆ ಕನ್ನಡದ ಓದುಗರಿಗೆ ತಲೆಕಟ್ಟು ನೆನಪಾಗುವುದು ಸಹಜ, ಆದರೆ ಎರಡನ್ನೂ ಒಂದೇ ಎಂದು ತಿಳಿಯುವಂತಿಲ್ಲ. ರೋಮನ್ ಅಕ್ಷರದ ಸೆರಿಫನ್ನು ಕತ್ತರಿಸಿ ತೆಗೆದರೂ ಅಕ್ಷರ ಅದೇ ಅಕ್ಷರವಾಗಿ ಉಳಿಯುತ್ತದೆ; ‘ಕ’ದ ತಲೆಕಟ್ಟು ಹೋಗಿ ಆ ಜಾಗದಲ್ಲಿ ಗುಡಿಸು ಕುಳಿತರೆ ಅದು ‘ಕಿ’ ಆಗುತ್ತದೆ, ಎಂದರೆ ತಲೆಕಟ್ಟು ಸ್ವರವನ್ನು ಸೂಚಿಸುವ ಅಂಗವೇ ಹೊರತು ಗೀಟಿನ ಅಲಂಕಾರವಲ್ಲ. ಹೀಗಾಗಿ ರೋಮನ್ ಲಿಪಿಯ ವಿನ್ಯಾಸಕಾರನಿಗೆ ಪಾದಗಳನ್ನು ಹಿಗ್ಗಿಸುವ, ಕುಗ್ಗಿಸುವ, ಸೀಳುವ, ಕೊನೆಗೆ ಇಲ್ಲವಾಗಿಸುವ ಸ್ವಾತಂತ್ರ್ಯ ಇತ್ತು, ಮತ್ತು ಹತ್ತೊಂಬತ್ತನೆಯ ಶತಮಾನದ ಲಂಡನ್ ನಗರ ಆ ಸ್ವಾತಂತ್ರ್ಯವನ್ನು ಹಿಂದೆಂದೂ ಕಾಣದಷ್ಟು ಧಾರಾಳವಾಗಿ ಬಳಸಿಕೊಂಡಿತು.

ಆ ಶತಮಾನದ ಆರಂಭಕ್ಕೆ ಲಂಡನ್ನಿನ ಗೋಡೆಗಳು ಲಾಟರಿ, ನಾಟಕ, ಔಷಧಿ, ಹರಾಜುಗಳ ಭಿತ್ತಿಪತ್ರಗಳಿಂದ ತುಂಬತೊಡಗಿದ್ದವು. ಕೈಯಲ್ಲಿ ಹಿಡಿದು ಓದುವ ಪುಸ್ತಕಕ್ಕೆಂದು ಮಾಡಿದ ಅಕ್ಷರಗಳನ್ನೇ ದೊಡ್ಡದಾಗಿಸಿ ಗೋಡೆಗೆ ಹಚ್ಚಿದರೆ, ನಡೆದು ಹೋಗುವವನ ಕಣ್ಣು ಅವುಗಳ ಮೇಲೆ ನಿಲ್ಲುತ್ತಿರಲಿಲ್ಲ. ಓದಿಸಿಕೊಳ್ಳುವುದಕ್ಕಿಂತ ಮೊದಲು ಕಣ್ಣಿಗೆ ಬೀಳಬೇಕಾದ, ನಾಲ್ಕಾರು ಪದಗಳಿಗಷ್ಟೇ ಬಳಕೆಯಾಗುವ, ದೊಡ್ಡ ಅಳತೆಗೆಂದೇ ರೂಪಿಸಿದ ಅಕ್ಷರಕ್ಕೆ ಡಿಸ್‌ಪ್ಲೇ ಅಕ್ಷರ ಎನ್ನುತ್ತಾರೆ. ಅದರ ಕಸುಬು ಹೀಗೆ ಬೇರೆಯಾದದ್ದು ಈ ಕಾಲದಲ್ಲಿ. ಮೊದಲು ಬಂದದ್ದು ರಾಬರ್ಟ್ ಥಾರ್ನ್ ಮುಂತಾದ ಎರಕದವರು ಪ್ರಚಾರಕ್ಕೆ ತಂದ ಫ್ಯಾಟ್ ಫೇಸ್, ಎಂದರೆ ದಪ್ಪ ಗೀಟುಗಳನ್ನು ಊದಿಸಿ, ತೆಳು ಗೀಟುಗಳನ್ನು ಕೂದಲೆಳೆಯಷ್ಟಕ್ಕೆ ಬಿಟ್ಟ ಅಕ್ಷರ. ಹತ್ತಿರದಿಂದ ಅದು ಬೆರಗು ಹುಟ್ಟಿಸುತ್ತಿತ್ತು. ದೂರದಿಂದ ನೋಡಿದಾಗ ತೆಳು ಗೀಟುಗಳು ಕಣ್ಣಿಗೆ ಕಾಣದೆ ಹೋಗಿ, ದಪ್ಪ ಗೀಟುಗಳಷ್ಟೇ ಬಿಡಿಬಿಡಿ ಕಂಬಗಳಂತೆ ನಿಲ್ಲುತ್ತಿದ್ದವು.

ಈ ಕೊರತೆಗೆ ಉತ್ತರವಾಗಿ ಬಂದದ್ದೇ ಚಪ್ಪಡಿ ಪಾದ. ಲಂಡನ್ನಿನ ಎರಕದ ಕಾರ್ಖಾನೆಯ ಒಡೆಯ ವಿನ್ಸೆಂಟ್ ಫಿಗಿನ್ಸ್ 1815ರ ತನ್ನ ಮಾದರಿ ಪುಸ್ತಕದಲ್ಲಿ ‘ಆಂಟೀಕ್’ ಎಂಬ ಹೆಸರಿನಿಂದ ತೋರಿಸಿದ ದೊಡ್ಡಕ್ಷರಗಳನ್ನು ಈ ಬಗೆಯ ಮೊದಲ ಅಚ್ಚುಮೊಳೆಗಳೆಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಅದರಲ್ಲಿ ತೆಳು ಗೀಟು ಎಂಬುದೇ ಹೆಚ್ಚುಕಡಿಮೆ ಇಲ್ಲ. ನೆಟ್ಟಗೀಟು, ಅಡ್ಡಗೀಟು, ಪಾದ ಎಲ್ಲವೂ ಸರಿಸುಮಾರು ಒಂದೇ ದಪ್ಪ, ಆದ್ದರಿಂದ ಮಬ್ಬು ಬೆಳಕಿನಲ್ಲಿ, ಒರಟು ಕಾಗದದ ಮೇಲೆ, ಬೀದಿಯ ಆಚೆ ಬದಿಯಿಂದ ನೋಡಿದರೂ ಅಕ್ಷರದ ಯಾವ ಭಾಗವೂ ಕಳಚಿ ಬೀಳುವುದಿಲ್ಲ. 1798ರ ನೆಪೋಲಿಯನ್ ದಂಡಯಾತ್ರೆಯ ಬಳಿಕ, ಅದರಲ್ಲೂ ರೊಸೆಟ್ಟಾ ಶಿಲೆ 1802ರಲ್ಲಿ ಬ್ರಿಟಿಷ್ ಮ್ಯೂಸಿಯಂ ಸೇರಿದ ಮೇಲೆ, ಇಂಗ್ಲೆಂಡಿನಲ್ಲಿ ಈಜಿಪ್ಟಿನ ವಸ್ತುಗಳೆಂದರೆ ಜನ ಮುಗಿಬೀಳುತ್ತಿದ್ದ ಕಾಲವದು. ಆ ಹುಮ್ಮಸ್ಸಿನಲ್ಲಿ ಈ ಅಕ್ಷರಗಳಿಗೆ ಈಜಿಪ್ಷಿಯನ್ ಎಂಬ ಹೆಸರೂ ಅಂಟಿಕೊಂಡಿತು. ಅದೇ ಹೆಸರನ್ನು 1816ರ ಸುಮಾರಿಗೆ ನಾಲ್ಕನೆಯ ವಿಲಿಯಂ ಕ್ಯಾಸ್ಲನ್ ಪಾದವೇ ಇಲ್ಲದ ತನ್ನ ಅಕ್ಷರಕ್ಕೂ ಕೊಟ್ಟಿದ್ದನ್ನು ಗಮನಿಸಿದರೆ, ಹೆಸರಿಗೂ ಈಜಿಪ್ಟಿಗೂ ವ್ಯಾಪಾರದ ನಂಟನ್ನು ಬಿಟ್ಟು ಬೇರೆ ನಂಟಿರಲಿಲ್ಲವೆಂಬುದು ತಿಳಿಯುತ್ತದೆ. ಮುದ್ರಣದ ಹಿರಿಯರಿಗೆ ಇದೆಲ್ಲ ಹಿಡಿಸಲಿಲ್ಲ. ಮುದ್ರಣಕಲೆಯ ಇತಿಹಾಸ ಬರೆದ ಥಾಮಸ್ ಕರ್ಸನ್ ಹ್ಯಾನ್ಸರ್ಡ್ 1825ರ ತನ್ನ ಗ್ರಂಥದಲ್ಲಿ ಇಂಥ ಹೊಸ ದಪ್ಪಕ್ಷರಗಳನ್ನು ವಿಕಾರಗಳ ಸಾಲಿಗೆ ಸೇರಿಸಿ ಖಂಡಿಸಿದ. ಇಂದು ಸಭ್ಯತೆಯ, ಪರಂಪರೆಯ ಗುರುತಾಗಿರುವ ಅಕ್ಷರ ತನ್ನ ಎಳವೆಯಲ್ಲಿ ಅಸಭ್ಯವೆನಿಸಿಕೊಂಡಿತ್ತು ಎಂಬ ಈ ಸಂಗತಿ, ಪರಂಪರೆಯ ಹೆಸರಿನಲ್ಲಿ ಅದನ್ನು ಬಳಸುವ ಪ್ರತಿಯೊಬ್ಬರೂ ತಿಳಿದಿರಬೇಕಾದದ್ದು.

ಕರ್ಕಶವೆನಿಸಿದ್ದ ಈ ರೂಪವನ್ನು ಪುಸ್ತಕದ ಪುಟದೊಳಕ್ಕೆ ಕರೆತಂದದ್ದು 1845ರಲ್ಲಿ ಲಂಡನ್ನಿನ ಫ್ಯಾನ್ ಸ್ಟ್ರೀಟ್ ಎರಕದ ಕಾರ್ಖಾನೆಯಿಂದ ಹೊರಬಂದ ಕ್ಲಾರೆಂಡನ್. ಕಾರ್ಖಾನೆಯ ಪಾಲುದಾರ ರಾಬರ್ಟ್ ಬೆಸ್ಲಿಯ ಉಸ್ತುವಾರಿಯಲ್ಲಿ ಬೆಂಜಮಿನ್ ಫಾಕ್ಸ್ ಎಂಬ ಕುಶಲಕರ್ಮಿ ಇದರ ಉಕ್ಕಿನ ಪಡಿಯಚ್ಚುಗಳನ್ನು ಕೊರೆದ. ಫಿಗಿನ್ಸನ ಅಕ್ಷರದಲ್ಲಿ ಪಾದವು ಗೀಟಿಗೆ ನೇರ ಮೂಲೆಯಲ್ಲಿ, ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟಂತೆ ಕೂಡುತ್ತಿದ್ದರೆ, ಕ್ಲಾರೆಂಡನ್ನಿನಲ್ಲಿ ಆ ಮೂಲೆಯನ್ನು ಒಂದು ಕಿರುಬಾಗಿನಿಂದ ತುಂಬಲಾಗಿತ್ತು, ದಪ್ಪ ತೆಳುಗಳ ವ್ಯತ್ಯಾಸವೂ ಸ್ವಲ್ಪಮಟ್ಟಿಗೆ ಮರಳಿತ್ತು. ಕಣ್ಣು ಎಡವದೆ ಗೀಟಿನಿಂದ ಪಾದಕ್ಕೆ ಜಾರುತ್ತಿತ್ತು. ನಿಘಂಟಿನಲ್ಲಿ ಅರ್ಥದ ಸಾಲುಗಳ ನಡುವೆ ಮೂಲಪದ ಎದ್ದು ಕಾಣಬೇಕಾದಾಗ ಸಾಧಾರಣ ಅಕ್ಷರದ ಜೊತೆಗೆ ಅದೇ ಅಳತೆಯ ದಪ್ಪಕ್ಷರ ಬೇಕಾಗುತ್ತದೆ, ಮತ್ತು ಆ ಕೆಲಸಕ್ಕೆಂದೇ ರೂಪುಗೊಂಡ ಮೊದಲ ಅಕ್ಷರಗಳಲ್ಲಿ ಇದು ಒಂದು. ವಿನ್ಯಾಸಗಳ ಹಕ್ಕಿಗಾಗಿ ಆಗಷ್ಟೇ ಜಾರಿಗೆ ಬಂದಿದ್ದ ಕಾಯಿದೆಯಡಿ ಬೆಸ್ಲಿ ಇದನ್ನು ನೋಂದಾಯಿಸಿದ. ಅದು ಕೊಟ್ಟದ್ದು ಮೂರೇ ವರ್ಷದ ರಕ್ಷಣೆ, ಆ ಅವಧಿ ಮುಗಿದೊಡನೆ ಉಳಿದ ಕಾರ್ಖಾನೆಗಳು ಅದನ್ನು ನಕಲು ಮಾಡಿದವು, ಕ್ಲಾರೆಂಡನ್ ಎಂಬುದು ಒಂದು ಅಕ್ಷರದ ಹೆಸರಾಗಿ ಉಳಿಯದೆ ಒಂದು ಕುಲದ ಹೆಸರಾಯಿತು.

ಚಪ್ಪಡಿ ಪಾದದ ಅಕ್ಷರ ಇನ್ನಷ್ಟು ಬೆಳೆದದ್ದು ಅಮೆರಿಕದಲ್ಲಿ, ಮತ್ತು ಅದಕ್ಕೆ ಕಾರಣ ಅಲ್ಲಿ ಸಿಗುತ್ತಿದ್ದ ಮರ. ಸೀಸದ ಮಿಶ್ರಲೋಹದಲ್ಲಿ ಗೇಣುದ್ದದ ಮೊಳೆ ಎರಕ ಹೊಯ್ಯುವುದು ಕಷ್ಟದ ಕೆಲಸ: ಲೋಹ ಆರುವಾಗ ಎಲ್ಲ ಕಡೆ ಒಂದೇ ಸಮನಾಗಿ ಆರದೆ ಮೇಲ್ಮೈ ತಗ್ಗುತ್ತದೆ, ತೂಕ ವಿಪರೀತವಾಗುತ್ತದೆ, ಕೈಜಾರಿ ಬಿದ್ದರೆ ಅಂಚು ಮುರಿಯುತ್ತದೆ. ನ್ಯೂಯಾರ್ಕ್‌ನ ಡೇರಿಯಸ್ ವೆಲ್ಸ್ 1827ರಲ್ಲಿ ವೇಗವಾಗಿ ತಿರುಗುವ ಕೊರೆಯುಳಿಯೊಂದನ್ನು ಅಳವಡಿಸಿ, ಮೇಪಲ್ ಮರದ ತುಂಡುಗಳಲ್ಲಿ ಅಕ್ಷರಗಳನ್ನು ಹೊರಮೂಡಿಸುವ ವಿಧಾನ ಕಂಡುಕೊಂಡು, ಮರುವರ್ಷವೇ ಮರದ ಮೊಳೆಗಳ ಪಟ್ಟಿಯನ್ನು ಹೊರಡಿಸಿದ. ಮರವನ್ನು ಉದ್ದಕ್ಕೆ ಸೀಳದೆ ಅಡ್ಡಕ್ಕೆ ಕೊಯ್ದು, ಎಳೆಗಳ ತುದಿಗಳೇ ಮೇಲ್ಮೈಯಾಗುವಂತೆ ಮಾಡಿದ್ದರಿಂದ ಅದು ಮುದ್ರಣಯಂತ್ರದ ಒತ್ತಡವನ್ನು ಸಾವಿರಾರು ಸಲ ತಾಳುತ್ತಿತ್ತು. 1834ರಲ್ಲಿ ವಿಲಿಯಂ ಲೆವೆನ್‌ವರ್ತ್ ಈ ಉಳಿಗೆ ಪ್ಯಾಂಟೋಗ್ರಾಫನ್ನು ಜೋಡಿಸಿದ. ಒಂದು ತುದಿಯಲ್ಲಿ ಮಾದರಿ ಅಕ್ಷರದ ಅಂಚನ್ನು ಸವರುತ್ತ ಹೋದರೆ ಇನ್ನೊಂದು ತುದಿಯ ಉಳಿ ಅದನ್ನೇ ಬೇಕಾದ ಅಳತೆಗೆ ಕೊರೆಯುವ ಈ ಸಲಕರಣೆಯಿಂದ, ಒಮ್ಮೆ ಬರೆದ ಅಕ್ಷರವನ್ನು ಹತ್ತಾರು ಗಾತ್ರಗಳಲ್ಲಿ ತೆಗೆಯುವುದು ಸುಲಭವಾಯಿತು.

ಇಲ್ಲಿಂದ ಮುಂದೆ ರೂಪಗಳು ಕೈಮೀರಿ ಹೆಚ್ಚಿದವು. ಭಿತ್ತಿಪತ್ರದ ಅಗಲ ನಿಶ್ಚಿತ, ಆದರೆ ಊರಿನ ಹೆಸರು ಒಮ್ಮೆ ನಾಲ್ಕಕ್ಷರ, ಒಮ್ಮೆ ಹನ್ನೆರಡಕ್ಷರ. ಎರಡೂ ಸಾಲನ್ನು ಪೂರ್ತಿ ತುಂಬಬೇಕು. ಆದ್ದರಿಂದ ಒಂದೇ ಅಕ್ಷರವನ್ನು ಹಿಗ್ಗಿಸಿಯೂ, ಇಕ್ಕಟ್ಟಾಗಿಸಿಯೂ, ಅತಿ ಇಕ್ಕಟ್ಟಾಗಿಸಿಯೂ ಮಾಡಲಾಯಿತು. ಇಕ್ಕಟ್ಟಾದಾಗ ನೆಟ್ಟಗೀಟುಗಳು ಸಣ್ಣವಾಗಲೇಬೇಕು, ಆದರೆ ಪಾದಗಳು ದಪ್ಪವಾಗಿಯೇ ಉಳಿಯಬಹುದು. ಹೀಗೆ ಪಾದ ಗೀಟಿಗಿಂತ ದಪ್ಪವಾದ, ಪದದ ಮೇಲೂ ಕೆಳಗೂ ಎರಡು ಪಟ್ಟಿಗಳು ಓಡಿದಂತೆ ಕಾಣುವ ‘ಫ್ರೆಂಚ್ ಕ್ಲಾರೆಂಡನ್’ ಬಂತು, ಮತ್ತು ಕೌಬಾಯ್ ಚಿತ್ರಗಳ ಶೀರ್ಷಿಕೆಗಳಿಂದಾಗಿ ಇಂದಿಗೂ ಜಗತ್ತಿನ ಜನ ಅಮೆರಿಕದ ಪಶ್ಚಿಮ ಸೀಮೆಯನ್ನು ಗುರುತಿಸುವುದು ಈ ಅಕ್ಷರದಿಂದಲೇ. ಪಾದದ ತುದಿಯನ್ನು ಮೀನಿನ ಬಾಲದಂತೆ ಎರಡಾಗಿ ಸೀಳಿದ ‘ಟಸ್ಕನ್’ ಎಂಬ ಬಗೆಯೂ ಮರದಲ್ಲಿ ವಿಜೃಂಭಿಸಿತು. ಸೀಳುಪಾದದ ಮೂಲ ನಾಲ್ಕನೆಯ ಶತಮಾನದ ರೋಮ್‌ನಲ್ಲಿ ಫಿಲೋಕಲಸ್ ಎಂಬ ಲಿಪಿಕಾರ ಪೋಪ್ ಡಮಾಸಸ್ ಅವರಿಗಾಗಿ ರೂಪಿಸಿದ ಶಾಸನಾಕ್ಷರಗಳವರೆಗೆ ಹೋಗುತ್ತದೆ. ಸಂತರ ಸಮಾಧಿಗಳ ಮೇಲೆ ಮೂಡಿದ ಒಂದು ರೂಪ ಸರ್ಕಸ್ಸಿನ ಭಿತ್ತಿಪತ್ರಕ್ಕೂ, ಅಲ್ಲಿಂದ ಬೇಸ್‌ಬಾಲ್ ಅಂಗಿಯ ಎದೆಗೂ ಬಂದದ್ದು ಅಕ್ಷರಗಳ ಚರಿತ್ರೆಯ ಸೊಗಸಾದ ಪಯಣಗಳಲ್ಲಿ ಒಂದು. ಜೇಮ್ಸ್ ಎಡ್ವರ್ಡ್ ಹ್ಯಾಮಿಲ್ಟನ್ 1880ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಟು ರಿವರ್ಸ್ ಎಂಬ ಊರಿನಲ್ಲಿ ಆರಂಭಿಸಿದ ಕಾರ್ಖಾನೆ, ತೆಳು ಹಲಗೆಯಲ್ಲಿ ಕೊಯ್ದ ಅಕ್ಷರಗಳನ್ನು ಅಗ್ಗದ ಮರದ ದಿಮ್ಮಿಗೆ ಅಂಟಿಸುವ ಉಪಾಯದಿಂದ ಬೆಲೆಯನ್ನು ಇಳಿಸಿ, ಎರಡು ದಶಕಗಳೊಳಗೆ ಪ್ರತಿಸ್ಪರ್ಧಿಗಳನ್ನೆಲ್ಲ ಹಿಂದೆ ಹಾಕಿತು.

ಆಟದ ಅಂಗಿಯ ಮೇಲಿನ ಅಕ್ಷರದ ಕಥೆ ಇದರ ಪಕ್ಕದಲ್ಲೇ, ಆದರೆ ಬೇರೆ ವಸ್ತುವಿನಲ್ಲಿ ನಡೆಯಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ಬೇಸ್‌ಬಾಲ್ ತಂಡ 1865ರಲ್ಲಿ ತನ್ನ ಬೂದುಬಣ್ಣದ ಅಂಗಿಯ ಮೇಲೆ ‘ಎಚ್’ ಅಕ್ಷರವನ್ನು ಹೊಲಿಸಿಕೊಂಡಿತು. ಅದು ಹಳೆಯ ಹಸ್ತಪ್ರತಿಗಳನ್ನು ನೆನಪಿಸುವ ಕೋನಾಕಾರದ ಗೋಥಿಕ್ ಶೈಲಿಯದಾಗಿತ್ತು, ಚಪ್ಪಡಿ ಪಾದದ್ದಾಗಿರಲಿಲ್ಲ. ಹತ್ತು ವರ್ಷಗಳ ಬಳಿಕ ಅಲ್ಲಿನ ಫುಟ್‌ಬಾಲ್ ತಂಡದಲ್ಲಿ, ಮುಖ್ಯ ಪಂದ್ಯಗಳಲ್ಲಿ ಆಡಿದವರು ಮಾತ್ರ ಆ ಅಕ್ಷರವನ್ನು ತಮ್ಮ ಬಳಿ ಉಳಿಸಿಕೊಳ್ಳಬಹುದೆಂಬ ಪದ್ಧತಿ ಬೆಳೆದು, ಬಟ್ಟೆಯ ಮೇಲಿನ ಒಂದೇ ಒಂದು ಅಕ್ಷರ ಪದಕದಷ್ಟು ಬೆಲೆಯುಳ್ಳದ್ದಾಯಿತು. ಈ ರೂಢಿ ಕಾಲೇಜಿನಿಂದ ಕಾಲೇಜಿಗೆ ಹಬ್ಬಿ, ಬೇಡಿಕೆ ಹೆಚ್ಚಿದಂತೆ, ಅಕ್ಷರದ ರೂಪ ಹೊಲಿಗೆಯವರ ಅನುಕೂಲಕ್ಕೆ ಬಾಗತೊಡಗಿತು. ಉಣ್ಣೆಯನ್ನು ಒತ್ತಿ ಮಾಡಿದ ಫೆಲ್ಟ್ ಎಂಬ ದಪ್ಪ ಬಟ್ಟೆಯಲ್ಲಿ ಬಾಗಿದ ಅಂಚನ್ನು ಒಂದೇ ಸಮನಾಗಿ ಕತ್ತರಿಸುವುದಕ್ಕಿಂತ ನೇರ ಗೆರೆಯಲ್ಲಿ ಕತ್ತರಿಸುವುದು ಸಲೀಸು. ಆದ್ದರಿಂದ ‘ಓ’, ‘ಸಿ’, ‘ಡಿ’ಗಳಂಥ ದುಂಡಕ್ಷರಗಳ ದುಂಡುತನವನ್ನೇ ಬಿಟ್ಟು, ಚೌಕದ ನಾಲ್ಕು ಮೂಲೆಗಳನ್ನು ಓರೆಯಾಗಿ ಕತ್ತರಿಸಿದ ಎಂಟು ಬದಿಯ ಅಕ್ಷರ ರೂಢಿಗೆ ಬಂತು. ಅದಕ್ಕೆ ಚಪ್ಪಡಿ ಪಾದ ಬಹಳ ಚೆನ್ನಾಗಿ ಹೊಂದಿತು, ಏಕೆಂದರೆ ತೆಳ್ಳನೆಯ ತುದಿ ಬಟ್ಟೆಯಲ್ಲಿ ಸುರುಟಿಕೊಂಡು ಒಗೆತದಲ್ಲಿ ಕಿತ್ತುಹೋಗುತ್ತದೆ, ಅಗಲ ಪಾದಕ್ಕೆ ಹೊಲಿಗೆ ಹಾಕಲು ಜಾಗವಿರುತ್ತದೆ. ಕಾಲೇಜು ಅಕ್ಷರವೆಂದು ಇಂದು ಎಲ್ಲರೂ ಗುರುತಿಸುವ ಆ ರೂಪದಲ್ಲಿ ಕತ್ತರಿಯ ಪಾಲು ಬರೆಯುವ ಕೈಯ ಪಾಲಿಗಿಂತ ಕಡಿಮೆಯದಲ್ಲ. ಅಕ್ಷರದ ಸುತ್ತ ಇನ್ನೊಂದು ಬಣ್ಣದ ಅಂಚು ಇರುವುದಕ್ಕೂ ಇಂಥದೇ ಮೂಲವಿದೆ: ದೊಡ್ಡದಾಗಿ ಕತ್ತರಿಸಿದ ಒಂದು ಬಣ್ಣದ ಬಟ್ಟೆಯ ಮೇಲೆ ಸ್ವಲ್ಪ ಚಿಕ್ಕದಾಗಿ ಕತ್ತರಿಸಿದ ಇನ್ನೊಂದು ಬಣ್ಣದ ಬಟ್ಟೆಯನ್ನಿಟ್ಟು ಹೊಲಿದಾಗ ತಾನಾಗಿಯೇ ಉಳಿಯುವ ಅಂಚು ಅದು.

ಅಂಕಿಗಳು ಬಂದದ್ದು ತಡವಾಗಿ. ಬೇಸ್‌ಬಾಲ್‌ನಲ್ಲಿ 1929ರಲ್ಲಿ ನ್ಯೂಯಾರ್ಕ್ ಯಾಂಕೀಸ್ ಮತ್ತು ಕ್ಲೀವ್‌ಲ್ಯಾಂಡ್ ತಂಡಗಳು ಆಟಗಾರರ ಬೆನ್ನಿನ ಮೇಲೆ ಅಂಕಿಗಳನ್ನು ಕಾಯಂ ಆಗಿ ಹೊಲಿಸಿದವು. ಯಾಂಕೀಸ್ ತಂಡ ಬ್ಯಾಟಿಂಗ್ ಕ್ರಮದಂತೆ ಅಂಕಿ ಹಂಚಿದ್ದರಿಂದ ಬೇಬ್ ರೂತ್‌ಗೆ 3, ಲೂ ಗೆಹ್ರಿಗ್‌ಗೆ 4 ಸಿಕ್ಕಿತು. ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಆರ್ಸೆನಲ್ ಮತ್ತು ಚೆಲ್ಸಿ ತಂಡಗಳು 1928ರ ಆಗಸ್ಟ್ 25ರಂದು ಅಂಕಿಗಳನ್ನು ಪ್ರಯೋಗಿಸಿದವು, 1939ರಲ್ಲಿ ಅವು ಲೀಗ್ ಪಂದ್ಯಗಳಿಗೆ ಕಡ್ಡಾಯವಾದವು. ಕ್ರಿಕೆಟ್‌ಗೆ ಅವು ತಲುಪಿದ್ದು ಇನ್ನೂ ಬಹಳ ತಡವಾಗಿ: ವಿಶ್ವಕಪ್‌ನಲ್ಲಿ ಹೆಸರುಗಳು 1992ರಲ್ಲಿ, ಅಂಕಿಗಳು 1999ರಲ್ಲಿ, ಟೆಸ್ಟ್ ಪಂದ್ಯದ ಬಿಳಿ ಅಂಗಿಯ ಮೇಲೆ 2019ರ ಆಷಸ್ ಸರಣಿಯಲ್ಲಿ. ಆಟದ ಅಕ್ಷರವನ್ನು ರೂಪಿಸುವವರ ಕುಶಲತೆ ನಿಜವಾಗಿ ಪರೀಕ್ಷೆಗೊಳಗಾಗುವುದು ಈ ಹತ್ತು ಅಂಕಿಗಳಲ್ಲಿ. ಓಡುತ್ತಿರುವವನ ಅಂಗಿ ಮಡಚಿಕೊಂಡಿರುತ್ತದೆ, ಕೆಸರಾಗಿರುತ್ತದೆ, ನೋಡುವವನು ನೂರು ಗಜ ದೂರದಲ್ಲಿರುತ್ತಾನೆ. 3, 6, 8, 9 ಇವು ಒಂದನ್ನೊಂದು ಹೋಲದಂತೆ ಉಳಿಯುವುದು ಅವುಗಳ ಒಳಬಯಲಿನಿಂದ, ಎಂದರೆ ಗೀಟುಗಳು ಸುತ್ತುವರಿದ ಖಾಲಿ ಜಾಗದಿಂದ. ಗೀಟು ದಪ್ಪವಾದಷ್ಟೂ ಈ ಒಳಬಯಲು ಕಿರಿದಾಗುತ್ತದೆ. 3 ಮತ್ತು 6ರ ತೆರೆದ ಬಾಯಿಗೆ ಚಪ್ಪಡಿಯಂಥ ದಪ್ಪ ತುದಿ ಜೋಡಿಸಿದರಂತೂ ಬಾಯಿ ಮುಚ್ಚಿ ಅವೆರಡೂ 8ರಂತೆ ಕಾಣತೊಡಗುತ್ತವೆ. ಆದ್ದರಿಂದ ದಪ್ಪಕ್ಷರವನ್ನು ಬಿಡಿಸುವುದೆಂದರೆ ಕಪ್ಪನ್ನು ಹೆಚ್ಚಿಸುತ್ತ ಹೋಗುವುದಲ್ಲ, ಬಿಳಿಯನ್ನು ಎಲ್ಲೆಲ್ಲಿ ಕಾಪಾಡಬೇಕೆಂದು ಲೆಕ್ಕಹಾಕುವುದು. ಗೀಟುಗಳು ಕೂಡುವ ಕಡೆ ತುಸು ಕೊರೆದು ತೆಳ್ಳಗೆ ಮಾಡುವುದು, ಅಡ್ಡಗೀಟನ್ನು ನೆಟ್ಟಗೀಟಿಗಿಂತ ಕೂದಲೆಳೆಯಷ್ಟು ಸಣ್ಣದಾಗಿಸಿ ಕಣ್ಣಿಗೆ ಎರಡೂ ಸಮವೆನಿಸುವಂತೆ ಮಾಡುವುದು, ಇವೆಲ್ಲ ಆ ಲೆಕ್ಕದ ಭಾಗ.

ವ್ಯಾಪಾರದ ಗುರುತಾಗಿ ಚಪ್ಪಡಿ ಪಾದ ಇಪ್ಪತ್ತನೆಯ ಶತಮಾನದಲ್ಲಿ ಎರಡು ಅಲೆಗಳಲ್ಲಿ ಮರಳಿತು. ಮೊದಲನೆಯದು ಜರ್ಮನಿಯಲ್ಲಿ ರುಡಾಲ್ಫ್ ವೋಲ್ಫ್ ರೂಪಿಸಿದ ಮೆಂಫಿಸ್, ಜಾರ್ಜ್ ಟ್ರಂಪ್‌ರ ಸಿಟಿ, 1934ರಲ್ಲಿ ಇಂಗ್ಲೆಂಡಿನ ಮೊನೊಟೈಪ್ ಸಂಸ್ಥೆ ತಂದ ರಾಕ್‌ವೆಲ್ ಇವುಗಳದು. ಇವು ಅಳತೆಪಟ್ಟಿ ಮತ್ತು ಕೈವಾರದಿಂದ ಬಿಡಿಸಿದಂತಿದ್ದು, ಹಳೆಯದನ್ನು ನೆನಪಿಸುವುದಕ್ಕಿಂತ ಯಂತ್ರಯುಗವನ್ನು ಸಾರುತ್ತಿದ್ದವು. ಪಾಲ್ ರ‍್ಯಾಂಡ್ 1956ರಲ್ಲಿ ಐಬಿಎಂ ಸಂಸ್ಥೆಯ ಲಾಂಛನಕ್ಕೆ ಆಧಾರವಾಗಿ ಆರಿಸಿಕೊಂಡದ್ದು ಟ್ರಂಪ್‌ರ ಸಿಟಿ ಅಕ್ಷರವನ್ನೇ. ಎರಡನೆಯ ಅಲೆಯಲ್ಲಿ ಸ್ವಿಟ್ಜರ್ಲೆಂಡಿನ ಹರ್ಮನ್ ಐಡೆನ್‌ಬೆಂಜ್ 1953ರಲ್ಲಿ ಕ್ಲಾರೆಂಡನ್ನನ್ನು ಹೊಸದಾಗಿ ಬಿಡಿಸಿದರು, ಅಮೆರಿಕದಲ್ಲಿ ಫ್ರೀಮನ್ ಕ್ರಾ ತಮ್ಮದೇ ಕ್ಲಾರೆಂಡನ್ ತಂದರು. ಕಿರುಬಾಗಿನ ಆ ಪಾದಗಳಲ್ಲಿ ಬೆಚ್ಚಗಿನ ಹಳೆತನವಿದ್ದುದರಿಂದ, ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಮಾರ್ಗಫಲಕಗಳು ದಶಕಗಳ ಕಾಲ ಕ್ಲಾರೆಂಡನ್ ಧರಿಸಿದವು. ಭಾರತದ ಮನೆಮನೆಗಳಲ್ಲಿ ರೇಡಿಯೊ, ಟಿ.ವಿ.ಗಳ ಮೇಲೆ ಕಂಡ ಸೋನಿ ಸಂಸ್ಥೆಯ ನಾಲ್ಕಕ್ಷರದ ಲಾಂಛನವೂ ಈ ಬಳಗದ್ದೇ.

ಕನ್ನಡದಲ್ಲಿ ಇದಕ್ಕೆ ಸಮಾನವಾದ ಭಾರದ ಅಕ್ಷರ ಬೇಕೆನ್ನುವವರು ಬೇರೆಯೇ ಸಮಸ್ಯೆಯನ್ನು ಎದುರಿಸುತ್ತಾರೆ. ದಪ್ಪವಾಗಿಸಿದಾಗ ಕನ್ನಡದ ಸುತ್ತುಗಳು ಬೇಗ ಮುಚ್ಚಿಕೊಳ್ಳುತ್ತವೆ, ಒತ್ತಕ್ಷರಗಳು ಸಾಲಿನ ಕೆಳಗೆ ಜಾಗ ಕೇಳುತ್ತವೆ, ಆದ್ದರಿಂದ ಚಪ್ಪಡಿಯನ್ನು ಬುಡಕ್ಕೆ ಕೊಡಲು ಸ್ಥಳವೇ ಇಲ್ಲ. ಏಕ್ ಟೈಪ್ ಸಂಸ್ಥೆಯ ‘ಬಲೂ ತಮ್ಮ’ ಅಕ್ಷರ ರೋಮನ್ ಪಾದವನ್ನು ಅನುಕರಿಸುವ ಗೊಡವೆಗೇ ಹೋಗದೆ, ಕನ್ನಡದ ದುಂಡುತನವನ್ನೇ ಗಟ್ಟಿಗೊಳಿಸಿ ಭಾರ ತಂದುಕೊಂಡಿದೆ, ಮತ್ತು ಅದೇ ಸರಿಯಾದ ದಾರಿ. ‘ಕ’ದ ಬುಡಕ್ಕೆ ಹೊರಗಿನಿಂದ ತಂದ ಪಾದ ಜೋಡಿಸಿದ ಫಲಕಗಳು ಕಣ್ಣಿಗೆ ನೋವುಂಟುಮಾಡುತ್ತವೆ.

ಕಂಪ್ಯೂಟರಿನ ಕಾಲದಲ್ಲಿ ಮರ, ಲೋಹ, ಫೆಲ್ಟುಗಳ ಒತ್ತಾಯ ಯಾವುದೂ ಉಳಿದಿಲ್ಲ. ಅಡೋಬಿ ಸಂಸ್ಥೆ 1990ರಲ್ಲಿ ಹಳೆಯ ಮರದ ಮೊಳೆಗಳನ್ನು ಆಧರಿಸಿದ ಅಕ್ಷರಗಳ ಸರಣಿಯೊಂದನ್ನು ತಂದಿತು. 1994ರಲ್ಲಿ ಡೇವಿಡ್ ಬರ್ಲೋ ಫಿಗಿನ್ಸನ ಮಾದರಿಗಳ ಆಧಾರದಿಂದ ಗೀಜಾ ಎಂಬ ದೊಡ್ಡ ಅಕ್ಷರಬಳಗವನ್ನು ರೂಪಿಸಿದರು. ಎಂಟು ಬದಿಯ ‘ಓ’ವನ್ನು ದುಂಡಗೆ ಬರೆಯಲು ಇಂದು ಯಾವ ಅಡ್ಡಿಯೂ ಇಲ್ಲದಿರುವಾಗ ಅದನ್ನು ಎಂಟು ಬದಿಯಲ್ಲೇ ಇಡುವುದು ಒಂದು ಆಯ್ಕೆ, ಮತ್ತು ಆ ಆಯ್ಕೆಯ ಹಿಂದೆ ಕತ್ತರಿಯ ತರ್ಕದ ಅರಿವಿದ್ದರೆ ಅಕ್ಷರ ಗಟ್ಟಿಯಾಗಿ ಬರುತ್ತದೆ: ಓರೆಯ ಕೋನ ಎಲ್ಲ ಅಕ್ಷರಗಳಲ್ಲೂ ಒಂದೇ ಆಗಿರುತ್ತದೆ, ಪಾದದ ಎತ್ತರ ಅಂಕಿಗಳಿಗೂ ಅಕ್ಷರಗಳಿಗೂ ಹೊಂದುತ್ತದೆ, ಹೊರ ಅಂಚು ಸುತ್ತಲೂ ಸಮನಾಗಿರುತ್ತದೆ. ಆ ಅರಿವಿಲ್ಲದವರು ಪರಂಪರೆಯ ಸೋಗಿಗಾಗಿ ಅಕ್ಷರದ ಮೈಮೇಲೆ ಕೃತಕ ಗೀರು, ಬಿರುಕು, ಮಸುಕುಗಳನ್ನು ಬಳಿಯುತ್ತಾರೆ. ಅಂಥ ಅಕ್ಷರದಲ್ಲಿ ಒಂದು ಪದದೊಳಗೆ ಎರಡು ಸಲ ಬಂದ ‘ಎ’ಗಳೆರಡರಲ್ಲೂ ಒಂದೇ ಜಾಗದಲ್ಲಿ ಒಂದೇ ಗೀರು ಕಂಡಾಗ ಕಣ್ಣು ತಕ್ಷಣ ಮೋಸವನ್ನು ಗುರುತಿಸುತ್ತದೆ, ಏಕೆಂದರೆ ನಿಜವಾದ ಸವೆತ ಎಂದೂ ಎರಡು ಕಡೆ ಒಂದೇ ರೀತಿ ಆಗುವುದಿಲ್ಲ.

ಟು ರಿವರ್ಸ್‌ನಲ್ಲಿ ಹ್ಯಾಮಿಲ್ಟನ್ ಕಾರ್ಖಾನೆಯ ಮರದ ಮೊಳೆಗಳಿಗಾಗಿ 1999ರಲ್ಲಿ ಒಂದು ವಸ್ತುಸಂಗ್ರಹಾಲಯ ಆರಂಭವಾಯಿತು. ಗಾಜಿನ ಪೆಟ್ಟಿಗೆಯೊಳಗೆ ಇಟ್ಟು ತೋರಿಸುವುದಷ್ಟೇ ಅಲ್ಲಿನ ಕೆಲಸವಲ್ಲ. ಪ್ಯಾಂಟೋಗ್ರಾಫಿನ ಒಂದು ಕೈಯನ್ನು ಹಳೆಯ ಮಾದರಿಯ ಅಂಚಿಗೆ ಒತ್ತಿ ಹಿಡಿದು, ಇನ್ನೊಂದು ತುದಿಯಲ್ಲಿ ಮೇಪಲ್ ಮರವನ್ನು ಕೊರೆದು ಹೊಸ ಮೊಳೆಗಳನ್ನೂ ಅಲ್ಲಿ ಮಾಡುತ್ತಾರೆ. ತಿರುಗುವ ಉಳಿ ದುಂಡಗಿರುವುದರಿಂದ ಅಕ್ಷರದ ಒಳಮೂಲೆಗಳು ಚೂಪಾಗಿ ಬರುವುದಿಲ್ಲ, ಪ್ರತಿಯೊಂದು ಮೂಲೆಯನ್ನೂ ಚಿಕ್ಕ ಚಾಕುವಿನಿಂದ ಕೈಯಲ್ಲೇ ಬಿಡಿಸಬೇಕಾಗುತ್ತದೆ. ಪಾದವೂ ಗೀಟೂ ಕೂಡುವ ಜಾಗ ಅದೇ.